ಕುದ್ರುವಿನ ಜಡ್ಜ್ ಅಜ್ಜಯ್ಯ

ದೋಣಿಗೆ ಬಳಿಯುವ ಗೇರೆಣ್ಣೆಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಅಜ್ಜಯ್ಯ ಎದುರು ಬಂದು ಕೂರುತ್ತಾರೆ. ಅವರ ದೋಣಿಗೂ ಮೈಗೂ ಅಂಟಿಕೊಂಡಿದ್ದ, ಗಂಟಲು ಕೆರೆಯುವ ಕಟು ವಾಸನೆ ಅದು. ಬೇರೆಯವರು ಮೂಗು ಮುಚ್ಚಿಕೊಂಡು ಹೋದರೆ ನಾನು ಅಲ್ಲೇ ನಿಂತುಬಿಡುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆ ಇದ್ದದ್ದು ಕುದ್ರುವಿನಲ್ಲಿ, ಅಂದರೆ ಹಟ್ಟಿಯಂಗಡಿಯಿಂದ ಕೆಳಗೆ ಹರಿದು ಬರುವ ಹೊಳೆಯ ನಡುವಿನ ತುಂಡು ನೆಲದಲ್ಲಿ. ಸೇತುವೆ ಇಲ್ಲ, ರಸ್ತೆ ಇಲ್ಲ, ಪೊಲೀಸರಂತೂ ಚುನಾವಣೆ ಬಿಟ್ಟರೆ ಇತ್ತ ತಲೆ ಹಾಕಿದವರಲ್ಲ. ಸುತ್ತ ನೀರು, ನಡುವೆ ತೆಂಗು, ಒಂದಷ್ಟು ಮನೆಗಳು, ಮನೆಗೊಂದು ಜಗಳ. ಆ ಜಗಳಗಳಿಗೆಲ್ಲ ಜಡ್ಜ್ ನಮ್ಮ ಅಜ್ಜಯ್ಯ, ಅಪ್ಪನ ಅಪ್ಪ. ಅವರು ಮನೆ ಹಾಳು ಮಾಡಿದರು ಎಂದು ಇವತ್ತಿಗೂ ನಮ್ಮ ನೆಂಟರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಕಂಡದ್ದನ್ನು ನಾನು ಹೇಳುತ್ತೇನೆ.

ಅವರನ್ನು ಯಾರೂ ನೇಮಿಸಿದ್ದಲ್ಲ. ಹರೆಯದಲ್ಲಿ ಒಂದು ತೆಂಗಿನ ಮರದ ತಗಾದೆಗೆ ಕುಂದಾಪುರದ ಕೋರ್ಟು ಹತ್ತಿದ್ದರಂತೆ. ವಾಯಿದೆಯ ಮೇಲೆ ವಾಯಿದೆ ಬಿದ್ದು, ಮರ ಇವರದ್ದೇ ಎಂದು ತೀರ್ಪಾಗುವ ಹೊತ್ತಿಗೆ ಮರವೇ ಹೊಳೆಗೆ ಉರುಳಿ ಕಡಲು ಸೇರಿತ್ತು. "ಗೆದ್ದದ್ದ್ ನಾನೇ, ಕಾಯಿ ತಿಂದದ್ದ್ ಕಡ್ಲ್" ಎಂದು ಹೇಳಿ ನಗುತ್ತಿದ್ದರು. ಆಮೇಲೆ ಕುದ್ರುವಿನ ಯಾವ ಜಗಳವೂ ಹೊಳೆ ದಾಟಬಾರದು ಎಂದು ಹಟ ಹಿಡಿದರು. ಅವರ ಕ್ರಮವೇ ಬೇರೆ. ಕಚ್ಚಾಡಿಕೊಂಡು ಬಂದ ಇಬ್ಬರನ್ನೂ ಒಂದೇ ದೋಣಿಗೆ ಹತ್ತಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಹುಟ್ಟು ಕೊಟ್ಟು, ತಾವು ನಡುವೆ ಕೂತು ಕುದ್ರುವಿಗೆ ಒಂದು ಸುತ್ತು ಹಾಕಿಸುವುದು. ದೋಣಿಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಒಬ್ಬ ಸಿಟ್ಟಿನಲ್ಲಿ ಜೋರಾಗಿ ಎಳೆದರೆ ದೋಣಿ ನಿಂತಲ್ಲೇ ತಿರುಗುತ್ತದೆ. ಸಮ ಎಳೆದರೆ ಮಾತ್ರ ಮುಂದೆ ಹೋಗುತ್ತದೆ. ದಡ ಮುಟ್ಟುವಷ್ಟರಲ್ಲಿ ಬೆವರಿನ ಜತೆ ಅರ್ಧ ಜಗಳವೂ ಇಳಿದಿರುತ್ತಿತ್ತು. ಉಳಿದರ್ಧಕ್ಕೆ ಚಾವಡಿಯಲ್ಲಿ ತೀರ್ಪು. ಅಜ್ಜಿ ಇಬ್ಬರಿಗೂ ನೀರು ಬೆಲ್ಲ ತಂದಿಡುತ್ತಿದ್ದರು, ಸೋತವರಿಗೆ ಬೆಲ್ಲ ಒಂದು ಚೂರು ಹೆಚ್ಚು. ಜಗಲಿಯ ಕಂಬಕ್ಕೆ ಒರಗಿ, ಹೊಳೆಯ ಗಾಳಿಗೆ ಒಣಗಿದ ಸೀಗಡಿಯ ಪರಿಮಳ ಕುಡಿಯುತ್ತ ಕೂತಿರುತ್ತಿದ್ದ ನನಗೆ ಆ ಹೆಚ್ಚಿನ ಚೂರಿನ ಮೇಲೇ ಕಣ್ಣು.

ಕುದ್ರುವಿನ ದೊಡ್ಡ ತಕರಾರೆಂದರೆ ನೆಲದ್ದು. ಪ್ರತಿ ಮಳೆಗಾಲ ಹೊಳೆ ಒಬ್ಬರ ದಂಡೆ ತಿಂದು ಇನ್ನೊಬ್ಬರ ದಂಡೆಗೆ ಹೊಸ ಮಣ್ಣು ತಂದು ಹಾಕುತ್ತಿತ್ತು. ಯಾರ ದಂಡೆ ಹೋಯಿತೋ ಹೊಸ ಮಣ್ಣು ಅವರದ್ದು, ಅದು ಯಾರ ಬೇಲಿಗೆ ತಾಗಿಕೊಂಡು ಬಿದ್ದರೂ ಸರಿ ಎಂದು ಅಜ್ಜಯ್ಯ ಕಟ್ಟು ಮಾಡಿದ್ದರು. ಎಲ್ಲರೂ ನಡೆಸಿಕೊಂಡು ಬಂದಿದ್ದರು. ಒಂದು ವರ್ಷದ ಮಳೆಯಲ್ಲಿ ಕೆಳಮನೆಯ ಗಿರಿಜಕ್ಕನ ಅಂಗಳ, ಬಾವಿ ಎಲ್ಲ ಹೋಯಿತು. ಗಂಡ ಸತ್ತು, ಚಿಕ್ಕ ಮಗಳೊಂದಿಗೆ ಇದ್ದ ಹೆಂಗಸು ಆಕೆ. ಆ ಮಣ್ಣೆಲ್ಲ ಬಂದು ನಿಂತದ್ದು ನಮ್ಮ ತೋಟದ ಬುಡಕ್ಕೆ. ನಮ್ಮ ಮನೆಯ ದಂಡೆಯೂ ಬಿರುಕು ಬಿಡುತ್ತಿದ್ದ ಕಾಲ. ಹೊಸ ಜಾಗದಲ್ಲಿ ಮನೆ ಎಬ್ಬಿಸುವ ಆಸೆಯಿಂದ ಅಪ್ಪ ತೆಂಗಿನ ಸಸಿಗಳನ್ನು ನೆಟ್ಟೂ ಆಗಿತ್ತು.

ಅಜ್ಜಯ್ಯ ಮಗನನ್ನೂ ಗಿರಿಜಕ್ಕನನ್ನೂ ದೋಣಿಗೆ ಹತ್ತಿಸಿದರು. ಅಪ್ಪ ಹಲ್ಲು ಕಚ್ಚಿ ಎಳೆದಂತೆಲ್ಲ ದೋಣಿ ಗಿರಗಿರ ತಿರುಗಿತು. ಯಾರೂ ಮಾತಾಡಬಾರದೆಂಬ ತಮ್ಮದೇ ಕಟ್ಟನ್ನು ಅಜ್ಜಯ್ಯ ಅವತ್ತು ಮುರಿದರು. "ಮಗಾ, ಅವ್ಳ್ ಕೈಗ್ ಸಮ ಮಾಡಿ ಎಳಿ" ಅಂದದ್ದು ದಂಡೆಯಲ್ಲಿ ನಿಂತ ನಮಗೂ ಕೇಳಿಸಿತು. ಸಂಜೆ ಚಾವಡಿಯಲ್ಲಿ, ಎಲ್ಲರ ಎದುರು, ಜಾಗ ಗಿರಿಜಕ್ಕನದ್ದೆಂದು ಹೇಳಿಬಿಟ್ಟರು. ಅಪ್ಪ ಬೆಲ್ಲ ಮುಟ್ಟಲಿಲ್ಲ. ಅಂದಿನಿಂದ ಅಜ್ಜಯ್ಯನ ಜತೆ ಮಾತೂ ಆಡಲಿಲ್ಲ.

ಮುಂದಿನ ಮಳೆಗೆ ನಮ್ಮ ಮನೆ ಹೋಯಿತು. ಚಾವಡಿ, ಅಜ್ಜಿ ಸೆಗಣಿ ಸಾರಿಸಿ ಕನ್ನಡಿ ಮಾಡಿಟ್ಟಿದ್ದ ಅಂಗಳ, ನಾನು ಆಡಿದ ಪೇರಳೆ ಮರ, ಎಲ್ಲವೂ ಕೆಂಪು ನೀರಿನಲ್ಲಿ ಕರಗಿ ಹೋದವು. ಕಟ್ಟಿನ ಪ್ರಕಾರ ನಮಗೂ ಹೊಸ ಮಣ್ಣು ಬರಬೇಕಿತ್ತಲ್ಲ? ಬರಲಿಲ್ಲ. ಅಷ್ಟೊತ್ತಿಗೆ ಹೊಯ್ಗೆ, ಅಂದರೆ ಮರಳು, ಎತ್ತುವ ದೋಣಿಗಳು ಸಾಲುಗಟ್ಟಿದ್ದವು; ಹೊಳೆ ತಂದದ್ದನ್ನೆಲ್ಲ ಲಾರಿಗಳು ಹೊತ್ತುಕೊಂಡು ಹೋದವು. ನಮ್ಮ ಮನೆ ತಿಂದವರು ಯಾರೆಂದು ನನಗೆ ಗೊತ್ತು, ಅದು ಅಜ್ಜಯ್ಯನ ತೀರ್ಪಲ್ಲ. ಕುಂದಾಪುರದ ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ನಾವೆಲ್ಲ ತುಂಬಿಕೊಂಡೆವು. ಜಗಳ ಹೊತ್ತು ಬರುವವರಿಲ್ಲದೆ ಅಜ್ಜಯ್ಯ ಕಿಟಕಿಯ ಪಕ್ಕ ಸುಮ್ಮನೆ ಕೂತಿರುತ್ತಿದ್ದರು. ಎದುರಲ್ಲೇ ಮಗ ಓಡಾಡಿದರೂ ಒಂದು ಮಾತಿಲ್ಲ. ಹಾಗೆಯೇ ತೀರಿಕೊಂಡರು.

ಕೆಲವು ವರ್ಷ ಕಳೆದು ಕುದ್ರುವಿಗೆ ಸೇತುವೆ ಬಂತು. ಅದರ ಬೆನ್ನಿಗೇ ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಚಿಕ್ಕಪ್ಪ ಬಂದ, ಜತೆಗೊಬ್ಬ ವಕೀಲ. ಹೊಳೆ ದಂಡೆಯ ಜಾಗಕ್ಕೆ ಈಗ ಚಿನ್ನದ ಬೆಲೆ, ಗಿರಿಜಕ್ಕ ಮನೆ ಕಟ್ಟಿಕೊಂಡ ಆ ಮಣ್ಣು ಕಾನೂನಿನಲ್ಲಿ ನಮ್ಮದೇ ಎಂದ. "ಅಣ್ಣ, ನೀ ಹೆಚ್ಚ್ ಎಂತದೂ ಮಾಡೂದ್ ಬ್ಯಾಡ. ಅದನ್ನ್ ಕೊಡು ಹೊತ್ತಿಗೆ ಅಪ್ಪಯ್ಯನ ತಲೆ ಸಮ ಇರ್ಲಿಲ್ಲೆ ಅಂದ್ ಕೋರ್ಟಲ್ ಒಂದ್ ಮಾತ್ ಹೇಳ್, ಸಾಕ್."

ನಾನು ಎದ್ದು ನಿಂತೆ. ಆದರೆ ನಾನು ಬಾಯಿ ತೆರೆಯಬೇಕಾಗಿ ಬರಲಿಲ್ಲ. ಅಪ್ಪ ನಿಧಾನ ಎದ್ದು ಬಾಗಿಲಿನ ಹತ್ತಿರ ಹೋಗಿ, ವಕೀಲರ ಚಪ್ಪಲಿಗಳನ್ನು ಹೊರಗೆ ಮುಖ ಮಾಡಿ ಇಟ್ಟರು.

"ಆ ತೀರ್ಪ್ ನಂಗೆ ಇವತ್ತಿಗೂ ಸಮ ಕಾಂತಿಲ್ಲೆ" ಅಂದರು. "ಆರೆ ಅಪ್ಪಯ್ಯನ ತಲೆ ಸಮ ಇದ್ದಿತ್. ಕುದ್ರಲ್ ಎಲ್ಲರ್‌ಕಿಂತ ಸಮ ಇದ್ದಿತ್."

ಚಿಕ್ಕಪ್ಪ ಬಿರುಸಾಗಿ ಎದ್ದು ಹೋದ. ಅಪ್ಪ, ಅಜ್ಜಯ್ಯ ಕೂರುತ್ತಿದ್ದ ಕಿಟಕಿಯ ಪಕ್ಕ ಹೋಗಿ ಕೂತರು. ಈ ಮಾತನ್ನು ಅಜ್ಜಯ್ಯ ಬದುಕಿದ್ದಾಗಲೇ ಆಡಬಹುದಿತ್ತಲ್ಲ ಎಂದು ನಾನು ಕೇಳಲಿಲ್ಲ. ಅಪ್ಪನ ಮುಖ ನೋಡಿದರೆ, ಅದನ್ನೇ ಅವರು ತಮ್ಮೊಳಗೆ ಕೇಳಿಕೊಳ್ಳುತ್ತಿದ್ದರು.