ಹಾಲ್‌ನಿಂದ ಗೇಟಿನವರೆಗೆ ಒಂದು ಕ್ಲಾರಿನೆಟ್

1998ರಲ್ಲಿ ನಾನು ಇಂದಿರಾನಗರದ ಒಂದು ಸಾಂಸ್ಕೃತಿಕ ಟ್ರಸ್ಟಿನಲ್ಲಿ ಪ್ರೋಗ್ರಾಂ ಆಫೀಸರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿದವರು ನಾನೇ ವೇದಿಕೆ ಹತ್ತಿ ಹಾಡುತ್ತೇನೆ ಎಂದುಕೊಳ್ಳುತ್ತಿದ್ದರು. ನಾನು ಹಾಡಿದರೆ ಮನೆಯವರೇ ಎದ್ದು ಹೋಗುತ್ತಾರೆ. ಅರ್ಜಿ ಕರೆಯುವುದು, ಫೈಲು ಕಟ್ಟುವುದು, ಆಡಿಷನ್ ದಿನ ಕಲಾವಿದರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುವುದು, ಇವು ನನ್ನ ಕೆಲಸ. ಅದರಲ್ಲಿ ನಾನು ಗಟ್ಟಿಗಿತ್ತಿ ಎಂಬ ಜಂಬವೂ ನನಗಿತ್ತು.

ಆ ವರ್ಷಗಳಲ್ಲಿ ನಮ್ಮಲ್ಲೊಂದು ‘ಉನ್ನತ ತರಬೇತಿ ಯೋಜನೆ’ ಇತ್ತು. ಈಗಾಗಲೇ ಸಂಗೀತದಿಂದಲೇ ಹೊಟ್ಟೆ ಹೊರೆಯುತ್ತಿರುವ ಒಬ್ಬರು, ತಮ್ಮ ವೃತ್ತಿಗೆ ಬೇಕಾದ ಒಂದು ಹೊಸ ವಿದ್ಯೆಯನ್ನು ಒಂದು ವರ್ಷ ಕಲಿಯಬಹುದು. ಗುರುಗಳ ಸಂಭಾವನೆ ನಮ್ಮದು. ಗಾಳಿವಾದ್ಯ ವಿಭಾಗಕ್ಕೆ ವರ್ಷಕ್ಕೆ ಒಂದೇ ಸ್ಥಾನ. ಮಾರ್ಚ್ ಮೂವತ್ತೊಂದಕ್ಕೆ ಅರ್ಜಿದಾರರಿಗೆ ಮೂವತ್ತೈದು ತುಂಬಿರಬಾರದು. ಈ ನಿಯಮ ಯಾಕೆ ಬಂತೋ ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಆ ಸಲ ಬಂದ ಅರ್ಜಿಗಳಲ್ಲಿ ಒಂದು ಮರ್ಫಿ ಟೌನಿನ ಮುನಿಕೃಷ್ಣ ಎಂಬವರದು. ಮದುವೆ ಬ್ಯಾಂಡಿನಲ್ಲಿ ಹದಿನೆಂಟು ವರ್ಷದಿಂದ ಕ್ಲಾರಿನೆಟ್ ನುಡಿಸುತ್ತಿದ್ದರು. ‘ಗುರುಗಳ ಹೆಸರು’ ಎಂಬ ಕಡೆ ‘ಅಪ್ಪ’ ಎಂದು ಬರೆದಿದ್ದರು. ‘ಪ್ರಮಾಣಪತ್ರ’ ಎಂಬ ಕಡೆ ಒಂದು ಗೆರೆ. ‘ಏನು ಕಲಿಯಬೇಕೆಂದಿದ್ದೀರಿ’ ಎಂಬುದಕ್ಕೆ ಮಾತ್ರ ಸ್ಪಷ್ಟವಾಗಿ ‘ಸ್ಟಾಫ್ ನೊಟೇಷನ್’ ಎಂದಿತ್ತು. ಐದು ಗೆರೆಗಳ ಮೇಲೆ ಚುಕ್ಕೆಯಿಟ್ಟು ರಾಗ ಬರೆಯುವ ಪಾಶ್ಚಾತ್ಯ ಸ್ವರಲಿಪಿ ಅದು. ಇವರಿಗೆ ಅದೇಕೆ ಬೇಕು ಎಂದು ಅರ್ಥವಾಗದೆ ಫೋನ್ ಮಾಡಿ ಕರೆಸಿದೆ.

ಬಂದವರು ಸಣಕಲು ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕುರ್ಚಿಯ ತುದಿಯಲ್ಲಿ ಕೂತರು.

“ಒಂದ್ಸಲ ರೆಕಾರ್ಡಿಂಗ್ ಸ್ಟುಡಿಯೊಗೆ ಕರ್ದಿದ್ರು ಮೇಡಂ. ಮುಂದೆ ಒಂದ್ ಹಾಳೆ ಇಟ್ರು. ನೋಡಿದ್ರೆ ಇರುವೆ ಸಾಲು ಇದ್ದಂಗಿತ್ತು. ಒಂದ್ಸಲ ಹಾಡ್ ತೋರ್ಸಿ, ಬಾರಿಸ್ಬಿಡ್ತೀನಿ ಅಂದೆ. ಟೈಮಿಲ್ಲಪ್ಪ ಅಂತ ವಾಪಸ್ ಕಳ್ಸಿದ್ರು,” ಎಂದರು. ಆಮೇಲೆ, “ಬ್ಯಾಂಡು ಇನ್ನೆಷ್ಟ್ ದಿನ ಮೇಡಂ? ಈಗೆಲ್ಲ ಕ್ಯಾಸೆಟ್ ಹಾಕ್ಬಿಡ್ತಾರೆ. ಓದೋಕ್ ಬಂದ್ರೆ ಸ್ಟುಡಿಯೊದಲ್ಲಿ ಒಂದ್ ಕುರ್ಚಿ ಸಿಗ್ತದೆ. ಈ ಜೂನ್‌ಗೆ ನಂಗೆ ಮೂವತ್ತೈದು. ಇದು ಬಿಟ್ರೆ ಇನ್ನಿಲ್ಲ,” ಎಂದರು.

ಯೋಜನೆ ಇರುವುದೇ ಇಂಥವರಿಗೆ ಎಂದು ನನಗೆ ಖುಷಿಯಾಯಿತು. ಆಡಿಷನ್ ಪಟ್ಟಿಗೆ ಹೆಸರು ಸೇರಿಸಿದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಆಡಿಷನ್. ಆಯ್ಕೆ ಸಮಿತಿಯಲ್ಲಿ ಮೂವರು: ನಿವೃತ್ತ ಪ್ರಿನ್ಸಿಪಾಲರಾದ ನಮ್ಮ ಅಧ್ಯಕ್ಷರು, ಒಬ್ಬ ಕೊಳಲು ಮೇಷ್ಟ್ರು, ಕಂಟೋನ್ಮೆಂಟಿನ ಒಬ್ಬ ಹಿರಿಯ ಪಿಯಾನೊ ಟೀಚರ್. ನಮ್ಮದು ಹಳೆಯ ಬಂಗಲೆ. ಮುಂದಿನ ಹಾಲ್‌ನಲ್ಲಿ ಜಮಖಾನ ಹಾಸಿದ್ದೆವು. ಹಾಲ್ ದಾಟಿದರೆ ವರಾಂಡ, ನಾಲ್ಕು ಮೆಟ್ಟಿಲು, ಕ್ರೋಟನ್ ಗಿಡಗಳ ನಡುವೆ ಉದ್ದನೆಯ ದಾರಿ, ಆಮೇಲೆ ಗೇಟು.

ಮುನಿಕೃಷ್ಣ ತಮ್ಮ ಜೊತೆ ಸೈಡ್ ಡ್ರಮ್ಮಿನ ಷಣ್ಮುಗಂ ಎಂಬ ಹಿರಿಯರನ್ನು ಕರೆತಂದಿದ್ದರು. ತಾಳಕ್ಕೆ ಒಬ್ಬರನ್ನು ತರಬಹುದೆಂದು ನಾವೇ ಹೇಳಿದ್ದೆವು. ಅವರ ಸರದಿ ಬಂದಾಗ ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು. ಮೈಕು ಕಿರುಚುತ್ತಿತ್ತು, ಇಬ್ಬರು ಅಭ್ಯರ್ಥಿಗಳು ಸರದಿಗಾಗಿ ಜಗಳ ಆಡುತ್ತಿದ್ದರು.

“ನೋಡಿ, ಹತ್ತು ನಿಮಿಷ ನುಡಿಸಬೇಕು,” ಎಂದೆ.

“ಎಲ್ಲಿಂದ ಎಲ್ಲಿವರ್ಗೆ ಮೇಡಂ?”

ಇದೆಂಥ ತಲೆಹರಟೆ ಪ್ರಶ್ನೆ ಎಂದು ರೇಗಿತು. “ಹಾಲ್‌ನಿಂದ ಗೇಟ್‌ವರ್ಗೂ ಬಾರಿಸ್ಕೊಂಡ್ ಹೋಗಿ! ನಡೀರಿ ಒಳಗೆ!” ಎಂದುಬಿಟ್ಟೆ. ಅವರು ಗೇಟಿನ ಕಡೆ ಒಮ್ಮೆ ನೋಡಿ, ತಲೆ ಆಡಿಸಿ ಒಳಗೆ ಹೋದರು. ಆಡಿದ ಮಾತು ನನಗೆ ಮರುಕ್ಷಣವೇ ಮರೆತುಹೋಯಿತು.

ಒಳಗೆ ಸಮಿತಿಗೆ ಕೈಮುಗಿದು ನಿಂತೇ ಶುರು ಮಾಡಿದರು. ಕೂತುಕೊಳ್ಳಿ ಎಂದು ಅಧ್ಯಕ್ಷರು ಸನ್ನೆ ಮಾಡುವಷ್ಟರಲ್ಲಿ ಷಣ್ಮುಗಂ ಡ್ರಮ್ಮಿಗೆ ಏಟು ಹಾಕಿ ಬಾಗಿಲ ಕಡೆ ತಿರುಗಿದರು. ಮುನಿಕೃಷ್ಣ ಅವರ ಹಿಂದೆ. ಇಬ್ಬರೂ ಒಂದೊಂದೇ ಹೆಜ್ಜೆ ಇಡುತ್ತ, ನುಡಿಸುತ್ತ, ವರಾಂಡಕ್ಕೆ ಬಂದರು. ಸಮಿತಿಯವರು ಪೆನ್ನು ಹಿಡಿದು ಕೂತೇ ಇದ್ದರು.

“ಏನಮ್ಮ ಇದು? ಕರ್ಕೊಂಡ್ ಬಾ!” ಎಂದು ಅಧ್ಯಕ್ಷರು ಕೂಗಿದರು.

ನಾನು ಓಡಿದೆ. ಪಕ್ಕದಲ್ಲೇ ನಡೆಯುತ್ತ “ನಿಲ್ಲಿ, ವಾಪಸ್ ಬನ್ನಿ, ಎಲ್ಲಿಗ್ ಹೋಗ್ತಿದೀರ?” ಎಂದು ಕೈ ಬೀಸಿದೆ. ಮದುವೆಯಲ್ಲಿ ಬ್ಯಾಂಡಿನವರ ಮುಂದೆ ಯಾರಾದರೊಬ್ಬರು ಹೀಗೆ ಕೈ ಬೀಸುತ್ತಲೇ ಇರುತ್ತಾರಂತೆ, ಅವರು ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲವಂತೆ. ಇದು ನನಗೆ ಆಮೇಲೆ ತಿಳಿದದ್ದು. ಮುನಿಕೃಷ್ಣ ನನ್ನತ್ತ ಮರ್ಯಾದೆಯಿಂದ ತಲೆ ಆಡಿಸಿ ನುಡಿಸುತ್ತಲೇ ಹೋದರು. ಸಾಲಿನಲ್ಲಿದ್ದ ಅಭ್ಯರ್ಥಿಗಳು ಎದ್ದು ನಿಂತು ನೋಡುತ್ತಿದ್ದರು. ಎದುರು ಮನೆಯ ಮಹಡಿಯಿಂದ ಇಬ್ಬರು ಹೆಂಗಸರು ನಗುತ್ತಿದ್ದರು. ನಮ್ಮ ವಾಚ್‌ಮನ್ ಮಹಾರಾಯ ಏನು ತಿಳಿದುಕೊಂಡನೋ, ಗೇಟನ್ನು ಎರಡೂ ಕಡೆ ಅಗಲವಾಗಿ ತೆರೆದು ಅಟೆನ್ಷನ್‌ನಲ್ಲಿ ನಿಂತ. ಅವಮಾನದಿಂದ ನನಗೆ ಅಳು ಬರುವಂತಾಗಿತ್ತು.

ಗೇಟು ಮುಟ್ಟಿದ ಮೇಲೆ ಕ್ಲಾರಿನೆಟ್ ಕೆಳಗಿಳಿಸಿ, ಹಣೆ ಒರೆಸಿಕೊಂಡು, “ಮುಗೀತಾ ಮೇಡಂ?” ಎಂದರು.

“ಮುಗೀತು. ಹೋಗಿ!” ಎಂದೆ. ಅವರು ಕೈಮುಗಿದು ಹೊರಟರು.

ಒಳಗೆ ಬಂದಾಗ ಅಧ್ಯಕ್ಷರು ಕೆಂಪಾಗಿದ್ದರು. “ಯಾಕಮ್ಮ ಹಾಗೆ ಬಿಟ್ಟು ಹೋದ?”

“ಗೊತ್ತಿಲ್ಲ ಸರ್.”

ಅದು ಸುಳ್ಳಲ್ಲ. ನಿಜಕ್ಕೂ ಗೊತ್ತಿರಲಿಲ್ಲ. ಹೆದರಿದರೇ, ಯಾರಾದರೂ ಏನಾದರೂ ಅಂದರೇ, ತಲೆ ಸರಿ ಇಲ್ಲವೇ ಎಂದು ಏನೇನೋ ಯೋಚಿಸಿದೆ. ಸಮಿತಿ ಅಂಕಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗೆರೆ ಎಳೆದು ‘ಮಧ್ಯದಲ್ಲಿ ನಿರ್ಗಮಿಸಿದರು’ ಎಂದು ಬರೆಯಿತು. ಸ್ಥಾನ ಒಬ್ಬ ಯುವ ಕೊಳಲು ವಾದಕನಿಗೆ ಹೋಯಿತು. ಒಳ್ಳೆಯ ಕಲಾವಿದನೇ, ಅವನ ಮೇಲೆ ನನ್ನ ದೂರಿಲ್ಲ. ಏಪ್ರಿಲ್ ಒಂದಕ್ಕೆ ಅವನ ಪಾಠ ಶುರುವಾಯಿತು.

ಏಪ್ರಿಲ್ ಕೊನೆಯಲ್ಲಿ ಹಲಸೂರಿನಲ್ಲಿ ಗೆಳತಿಯ ಮಗಳ ಮದುವೆ. ದೇವಸ್ಥಾನದ ಮುಂದೆ ಗಂಡಿನ ಕಡೆಯವರು ಬ್ಯಾಂಡು ನಿಲ್ಲಿಸಿದ್ದರು. ಮುನಿಕೃಷ್ಣನವರದಲ್ಲ, ಬೇರೆ ಬ್ಯಾಂಡು. ಯಜಮಾನರೊಬ್ಬರು “ಏನಪ್ಪ, ಶುರು ಮಾಡಿ” ಎಂದರು. ಕ್ಲಾರಿನೆಟ್‌ನವನು ಕೇಳಿದ: “ಎಲ್ಲಿಂದ ಎಲ್ಲಿವರ್ಗೆ ಸಾಮಿ?”

ಮುನಿಕೃಷ್ಣನವರ ಪ್ರಶ್ನೆಯೂ ಅದಕ್ಕೆ ನಾನು ಕೊಟ್ಟ ಉತ್ತರವೂ ಆಗ ನೆನಪಾದವು. “ಇಲ್ಲಿಂದ ಛತ್ರಕ್ಕೆ,” ಎಂದರು ಯಜಮಾನರು. ಅವನು ಛತ್ರದ ದಿಕ್ಕಿಗೆ ಕಣ್ಣು ಹಾಯಿಸಿ, ದೂರ ಅಳೆದು, ಹಾಡು ಎತ್ತಿದ. ಆರತಿಗೆಂದು ಮದುಮಗನ ಕಾರು ನಿಂತರೆ ಅದೇ ಸಾಲನ್ನು ತಿರುಗಿ ತಿರುಗಿ ನುಡಿಸಿದ. ಕಾರು ಹೊರಟರೆ ಮುಂದಕ್ಕೆ ಹೋದ. ಛತ್ರದ ಬಾಗಿಲಿಗೆ ಬಂದಾಗ ಹಾಡೂ ಅಲ್ಲಿಗೆ ಸರಿಯಾಗಿ ಮುಗಿಯಿತು. ಊಟದ ಹೊತ್ತಿಗೆ ಅವನನ್ನು ಹುಡುಕಿ, ಪಕ್ಕದ ಎಲೆಗೆ ಕೂತು ಮಾತಾಡಿಸಿದೆ.

“ನಿಮಿಷದ ಲೆಕ್ಕ ನಮ್ಗೆಲ್ಲಿ ಬರ್ತದಮ್ಮ? ದಾರಿ ಎಷ್ಟೋ ಹಾಡು ಅಷ್ಟು. ಜಾಗ ಹೇಳ್ದೆ ಬಾರ್ಸು ಅಂದ್ರೆ ಎಲ್ ಮುಗ್ಸೋದು ಅಂತಾನೇ ತಿಳಿಯಲ್ಲ,” ಎಂದ.

ನಾನು ಅನ್ನ ಕಲಸಿಟ್ಟ ಎಲೆ ಬಿಟ್ಟು ಎದ್ದೆ. ಮುನಿಕೃಷ್ಣ ಆಡಿಷನ್ ಬಿಟ್ಟು ಹೋಗಿರಲಿಲ್ಲ. ನಾನು ಹೇಳಿದ ಕಡೆಯಿಂದ ನಾನು ಹೇಳಿದ ಕಡೆಗೆ ನುಡಿಸಿ, ಮುಗಿಯಿತೇ ಎಂದು ಕೇಳಿ, ನಾನು ಹೋಗಿ ಎಂದ ಮೇಲೆಯೇ ಹೋಗಿದ್ದರು.

ಸೋಮವಾರ ಅಧ್ಯಕ್ಷರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಆಡಿಷನ್ ಫೈಲು ತರಿಸಿ ನೋಡಿದರು. ಆ ವರ್ಷದ ಸ್ಥಾನ ತುಂಬಿತ್ತು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಉಳಿದಿದ್ದ ದಾರಿ ಒಂದೇ: ಟ್ರಸ್ಟಿಗಳು ವಿಶೇಷವಾಗಿ ವಯಸ್ಸಿನ ಸಡಿಲಿಕೆ ಕೊಡಬಹುದಿತ್ತು. ಆದರೆ ಮರು ಆಡಿಷನ್‌ಗೆ ಅವಕಾಶವಿರಲಿಲ್ಲ, ಅದಕ್ಕೆ ಆ ದಿನದ ಆಡಿಷನ್ನಿನಲ್ಲಿ ವಾದನ ಹೇಗಿತ್ತು ಎಂಬ ಲಿಖಿತ ಅಭಿಪ್ರಾಯ ಬೇಕು. ಅಂಕಪಟ್ಟಿಯಲ್ಲಿ ಇದ್ದದ್ದು ಒಂದು ಗೆರೆ.

ಕೊಳಲು ಮೇಷ್ಟ್ರಿಗೆ ಫೋನ್ ಮಾಡಿದೆ. “ವರಾಂಡ ದಾಟಿದ ಮೇಲೆ ನಾವೇ ಮಾತಾಡ್ತಾ ಕೂತ್ವಲ್ಲಮ್ಮ. ಹೇಗೆ ಬರೀಲಿ?” ಎಂದರು. ಪಿಯಾನೊ ಟೀಚರ್ ಇನ್ನೂ ನೇರ. “ಸತ್ಯ ಹೇಳ್ಲಾ? ನಾನು ಅವನ್ನ ಕೇಳ್ಲೇ ಇಲ್ಲ. ನೀನು ಓಡೋದನ್ನ ನೋಡ್ತಾ ಇದ್ದೆ,” ಎಂದರು.

ಕೊನೆಗೆ ಅಧ್ಯಕ್ಷರೇ ಹೇಳಿದರು: “ಗೇಟಿನವರೆಗೆ ಪಕ್ಕದಲ್ಲೇ ಹೋದವಳು ನೀನು. ಸಂಗೀತ ಬರಲ್ಲ ಅಂತೀಯ, ಆದ್ರೆ ಹತ್ತು ವರ್ಷದಿಂದ ಕೇಳ್ತಿದ್ದೀಯ. ಏನು ಕೇಳಿಸ್ತೋ ಅದನ್ನ ಅರ್ಧ ಪುಟ ಬರ್ಕೊಡು. ನಾನು ಸಹಿ ಹಾಕ್ತೀನಿ.”

ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತೆ. ಮುನಿಕೃಷ್ಣನವರ ಒಂದು ವರ್ಷ, ಸ್ಟುಡಿಯೊದ ಆ ಕುರ್ಚಿ, ಎಲ್ಲ ಆ ಅರ್ಧ ಪುಟದ ಮೇಲೆ ನಿಂತಿತ್ತು. ಯಾವ ಹಾಡು ನುಡಿಸಿದರು? ನೆನಪಿಲ್ಲ. ಮೆಟ್ಟಿಲಿಳಿಯುವಾಗ ಉಸಿರು ತಡವರಿಸಿತೇ? ಗೊತ್ತಿಲ್ಲ. ಮಹಡಿಯ ಹೆಂಗಸರ ನಗು ನೆನಪಿದೆ, ವಾಚ್‌ಮನ್ ನಿಂತ ಭಂಗಿ ನೆನಪಿದೆ, ನನ್ನ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿದ್ದು ನೆನಪಿದೆ. ವಾದ್ಯದ ಒಂದು ಸ್ವರವೂ ಇಲ್ಲ.

‘ಉತ್ತಮ ವಾದನ, ದೀರ್ಘ ಉಸಿರು’ ಎಂದು ಬರೆದುಬಿಡಬಹುದಿತ್ತು. ಯಾರೂ ಪ್ರಶ್ನಿಸುತ್ತಿರಲಿಲ್ಲ. ಎರಡು ಸಲ ಬರೆದು ಎರಡು ಸಲ ಹರಿದೆ. ಕೇಳದ್ದನ್ನು ಕೇಳಿದೆ ಎಂದು ಬರೆಯುವುದು ತಪ್ಪು ಎನಿಸಿತು. ಹಾಗೆಂದು ಬರೆಯದೆ ಬಿಟ್ಟರೆ, ಮೊದಲೇ ನಾನು ಕೆಡಿಸಿದ್ದನ್ನು ಮತ್ತೊಮ್ಮೆ ಕೆಡಿಸಿದಂತೆ. ಯಾವುದು ಪ್ರಾಮಾಣಿಕತೆ, ಯಾವುದು ಒಣ ಹಟ ಎಂದು ಆ ಮಧ್ಯಾಹ್ನ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಬರೆಯಲಿಲ್ಲ. ಸಡಿಲಿಕೆಯ ಫೈಲು ಅಲ್ಲಿಗೇ ನಿಂತಿತು.

ವಿಷಯ ತಿಳಿಸಲು ಮರ್ಫಿ ಟೌನಿಗೆ ನಾನೇ ಹೋದೆ. ಬ್ಯಾಂಡಿನ ಕೋಟುಗಳು ಬೀದಿಯಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದವು. ಮುನಿಕೃಷ್ಣ ಕುರ್ಚಿ ಹಾಕಿ, ಟೀ ತರಿಸಿ, ಮುಂದೆ ಸ್ಟೂಲಿನ ಮೇಲೆ ಕೂತರು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ: ತಪ್ಪು ನನ್ನದು, ನಿಮ್ಮದಲ್ಲ, ಸ್ಥಾನ ಕೈತಪ್ಪಿದ್ದು ನನ್ನ ಬಾಯಿಯಿಂದ.

ಅವರ ಮುಖದಲ್ಲಿ ನಾನು ಹೆದರಿದ್ದ ಕೋಪ ಕಾಣಲಿಲ್ಲ. ಬದಲಿಗೆ ಏನೋ ಹಗುರಾದಂತೆ ಮುಂದಕ್ಕೆ ಬಾಗಿದರು.

“ಅಂಗಾದ್ರೆ ಬಾರ್ಸಿದ್ದು ಸರಿ ಇಲ್ಲ ಅಂತ ಅಲ್ವಾ ತೆಗ್ದಿದ್ದು?”

“ಅಲ್ಲ.”

“ಮೂರ್ ತಿಂಗ್ಳಿಂದ ಅದೇ ಕೊರೀತಿತ್ತು ಮೇಡಂ. ಷಣ್ಮುಗಣ್ಣ ಚೆನ್ನಾಗಿತ್ತು ಅಂದ. ಅವ್ನು ನಮ್ಮೋನು, ಅಂಗೇ ಹೇಳ್ತಾನೆ.” ಸ್ವಲ್ಪ ಸಂಕೋಚದಿಂದ ನಕ್ಕರು. “ನೀವು ಕೊನೇವರ್ಗೂ ಪಕ್ಕದಲ್ಲೇ ಇದ್ರಲ್ಲ. ಹೆಂಗ್ ಬಾರ್ಸ್ದೆ ಹೇಳಿ.”

ಚೆನ್ನಾಗಿತ್ತು ಎಂದು ಹೇಳಲು ಬಾಯಿ ತೆರೆದೆ. ಆದರೆ “ನಾನು ಕೇಳಿಸ್ಕೊಳ್ಲಿಲ್ಲ ಮುನಿಕೃಷ್ಣ,” ಎಂದೆ.

“ಒಂದ್ ಚೂರೂ?”

ತಲೆ ಅಲ್ಲಾಡಿಸಿದೆ. ಸೀಟು ಹೋಯಿತೆಂದಾಗ ನೆಟ್ಟಗೆ ಕೂತಿದ್ದವರು ಈ ಮಾತಿಗೆ ಕುಗ್ಗಿಹೋದರು. ನನಗೆ ತಡೆಯಲಾಗಲಿಲ್ಲ. “ಈಗ ಬಾರಿಸಿ, ಕೂತು ಕೇಳ್ತೀನಿ,” ಎಂದು ಕೇಳಿಕೊಂಡೆ.

“ಈಗ್ ಬೇಡ ಬಿಡಿ ಮೇಡಂ,” ಎಂದರು ಮೆಲ್ಲಗೆ. “ಆವತ್ತು ನಿಮಗೇಂತ ಬಾರ್ಸಿದ್ದೆ.” ಟೀ ಲೋಟ ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ಇನ್ನೂ ಹನ್ನೊಂದು ವರ್ಷ ಅದೇ ಕೆಲಸದಲ್ಲಿದ್ದೆ. ವಯಸ್ಸಿನ ನಿಯಮ ತೆಗೆಸಿದೆ. ನಿಂತು ನುಡಿಸುವವರು ನಿಲ್ಲಲಿ, ನಡೆಯುವವರು ನಡೆಯಲಿ, ಸಮಿತಿಯೇ ಅವರ ಹಿಂದೆ ಹೋಗಲಿ ಎಂದು ಅರ್ಜಿ ನಮೂನೆಯಲ್ಲೇ ಬರೆಸಿದೆ. ಆ ಉದ್ಯೋಗ ನನಗೆ ಕಲಿಸಿದ್ದು ಇಷ್ಟು: ಕಲಾವಿದರಿಗೆ ಅವಕಾಶ ಕೊಡುವ ಕುರ್ಚಿಯಲ್ಲಿ ಕೂತವರ ಮೊದಲ ಕೆಲಸ ಕಿವಿಗೊಡುವುದು, ಮಿಕ್ಕದ್ದೆಲ್ಲ ಗುಮಾಸ್ತಿಕೆ. ಮುನಿಕೃಷ್ಣನವರ ಬ್ಯಾಂಡನ್ನು ಹುಡುಕಿಕೊಂಡು ಹೋಗಿ ಒಮ್ಮೆ ಕೇಳಬಹುದಿತ್ತು. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಮುಂದೂಡಿದೆ. ಎರಡು ವರ್ಷದಲ್ಲಿ ಬ್ಯಾಂಡು ಮುಚ್ಚಿತು, ಅವರು ಮನೆ ಬದಲಿಸಿದರು. ಅವರು ಹೇಗೆ ನುಡಿಸುತ್ತಿದ್ದರು ಎಂದು ನನಗೆ ಇಂದಿಗೂ ಗೊತ್ತಿಲ್ಲ.