ಧೋತರದ ಬತ್ತಿ

ಭಾಗ್ಯನಗರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮಾಳಿಗೆಯ ಮೇಲೆ ಬದನೆ, ಟೊಮೆಟೊ ಬೆಳೆಯುತ್ತಿದ್ದರು. ಗಿಡದ ಬುಡಕ್ಕೆ ನೀರು ಹಾಕಿದ್ದನ್ನು ಮಾತ್ರ ನಾನು ನೋಡಲೇ ಇಲ್ಲ. ಬಣ್ಣದ ಖಾಲಿ ಬಕೆಟ್ ಒಂದರೊಳಗೆ ಇನ್ನೊಂದನ್ನು ಕೂರಿಸಿ, ಕೆಳಗಿನದರಲ್ಲಿ ನೀರು, ಮೇಲಿನದರಲ್ಲಿ ಮಣ್ಣು ತುಂಬುತ್ತಿದ್ದರು. ಮೇಲಿನ ಬಕೆಟ್ಟಿನ ತಳದ ತೂತಿನಿಂದ ಹಳೆಯ ಬಟ್ಟೆಯ ಬತ್ತಿ ನೀರಿಗಿಳಿದಿರುತ್ತಿತ್ತು. ಯಾರು ಕೇಳಿದರೂ ಸೆರಗಿಗೆ ಕೈ ಒರೆಸಿಕೊಂಡು ಒಂದೇ ಮಾತು: “ಬೇಕಾದಷ್ಟು ಗಿಡ ತಾನ ಕುಡೀತೈತಿ, ಬಿಡ್ರಿ.”

ಅವರ ಗಂಡ ಹಾಗಲ್ಲ. ಪಡಸಾಲೆಯಲ್ಲಿ ಕೂತಲ್ಲಿಂದಲೇ “ಏ, ನೀರ ತಾ” ಎಂದು ಕೂಗುತ್ತಿದ್ದುದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು.

ಗಂಡ ತೀರಿಕೊಂಡ ಮರುವರ್ಷದ ಬೇಸಿಗೆಯಲ್ಲಿ, ಅಣ್ಣನ ಮನೆಗೆಂದು ಯಲಬುರ್ಗಾಕ್ಕೆ ಹೋದ ಅಕ್ಕ ವಾರವಾದರೂ ಬರಲಿಲ್ಲ. ನಲ್ಲಿಯಲ್ಲಿ ನೀರೂ ಬರಲಿಲ್ಲ. ನಮ್ಮ ಕುಂಡದ ಮೆಣಸಿನ ಗಿಡಗಳು ಒಣಗಿಹೋದವು. ಅವರವಾದರೂ ಉಳಿಯಲಿ ಎಂದು ಕುಡಿಯಲು ಇಟ್ಟಿದ್ದ ನೀರಿನ ಕೊಡ ಹಿಡಿದು ಅವರ ಮಾಳಿಗೆ ಹತ್ತಿದೆ. ಕಾಲಡಿಯ ನೆಲ ಸುಡುತ್ತಿತ್ತು. ಬದನೆ ಮಾತ್ರ ಎಲೆ ಎತ್ತಿಕೊಂಡು ಹೂ ಬಿಟ್ಟು ನಿಂತಿತ್ತು. ಬುಡದ ಮಣ್ಣು ತಣ್ಣಗಿತ್ತು. ತಂದ ನೀರನ್ನು ಹಾಕದೆ ಹಾಗೇ ನಿಂತುಬಿಟ್ಟೆ.

ಬಂದ ಮೇಲೆ ಕೇಳಿದಾಗ, ಅಕ್ಕ ಮೇಲಿನ ಬಕೆಟ್ ಎತ್ತಿ ತೋರಿಸಿದರು. ನೀರು ತೊಟ್ಟಿಕ್ಕುತ್ತಿದ್ದ ಬಿಳಿ ಬತ್ತಿಗೆ ಹಸಿರು ಅಂಚಿತ್ತು. ಅದು ಗಂಡನ ಧೋತರ. ಸತ್ತವರ ಬಟ್ಟೆಯನ್ನು ನಮ್ಮಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

“ಮಂದಿ ಏನಂದಾರು, ಅಕ್ಕಾರ?” ಎಂದೆ.

ಅವರು ಬಕೆಟ್ಟನ್ನು ಮೆಲ್ಲಗೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡರು.

“ಇದ್ದಾಗ ಒಂದ ದಿನಾನೂ ಎದ್ದು ನೀರು ತಗೊಂಡವರಲ್ಲರಿ. ಈಗ ನೋಡ್ರಿ, ಹಗಲೂ ರಾತ್ರಿ ನೀರು ಹೊರಾಕ ಹತ್ಯಾರ.”