ಗೋಲ್ಕೊಂಡದಲ್ಲಿ ಮೂರು ಚಪ್ಪಾಳೆ

ಯಲಹಂಕದಲ್ಲಿ ರೈಲು ಹತ್ತಿದಾಗ ಪಕ್ಕದಲ್ಲಿ ಕೂತ ಅಬ್ಬಿಗೆರೆಯ ಯಜಮಾನರು, ಹೈದರಾಬಾದ್ ಬರುವಷ್ಟರಲ್ಲಿ ನನ್ನ ಜಾತಕವನ್ನೆಲ್ಲ ಕೇಳಿ ಮುಗಿಸಿದ್ದರು. ಸಾಲದು ಅಂತ ಗೋಲ್ಕೊಂಡ ಕೋಟೆಗೂ ಜೊತೆಗೆ ಬಂದರು. ಬಂದವರೇ ಬಾಗಿಲಲ್ಲಿ ಮಂಡಿ ಹಿಡಿದು ಕೂತರು.

"ನೀವು ಹತ್ತಿ ಬನ್ನಿ, ಬ್ಯಾಗ್ ನಾನ್ ನೋಡ್ಕೋತೀನಿ. ಇಲ್ಲಿ ಚಪ್ಪಾಳೆ ತಟ್ಟಿದ್ರೆ ಮೇಲ್ಗಡೆ ಕೇಳುತ್ತಂತೆ. ರೈಲಿಗೆ ಹೊತ್ತಾದ್ರೆ ಮೂರು ಸಲ ತಟ್ತೀನಿ, ಇಳಿದು ಬಂದ್ಬಿಡಿ."

ವಾಪಸ್ ಟಿಕೆಟ್ ಆ ಬ್ಯಾಗಲ್ಲಿತ್ತು. ಫೋನು ಚಾರ್ಜಿಲ್ಲದೆ ಸತ್ತಿತ್ತು. ಸುಲ್ತಾನರ ಕಾಲದ ಏರ್ಪಾಡು, ಕೆಡೋದು ಎಲ್ಲಿಂದ ಬಂತು ಅಂತ ಹತ್ತಿದೆ.

ತುದಿ ಮುಟ್ಟಿ ಉಸಿರು ಬಿಡುವಷ್ಟರಲ್ಲಿ ಮೂರು ಚಪ್ಪಾಳೆ ಕೇಳಿಸಿತು. ಎದ್ದೆನೋ ಬಿದ್ದೆನೋ ಅಂತ ಇಳಿದು ಓಡಿಬಂದೆ.

"ನಾನ್ ತಟ್ಟಿಲ್ಲಪ್ಪ. ಇಲ್ಲಿ ಗೈಡ್‌ಗಳೆಲ್ಲ ಬೆಳಗ್ಗೆಯಿಂದ ಅದನ್ನೇ ಮಾಡ್ತಾವ್ರೆ. ಇನ್ನೂ ಟೈಮಿದೆ, ಹೋಗಿ."

ಮತ್ತೆ ಹತ್ತಿದೆ. ಈ ಸಲ ಎಷ್ಟು ಚಪ್ಪಾಳೆ ಬಂದರೂ ಸನ್ಮಾನಕ್ಕೆ ಕೂತ ಮಂತ್ರಿಯ ಹಾಗೆ ಅಲ್ಲಾಡಲಿಲ್ಲ. ಬಿಸಿಲು ಬಾಡಿದ ಮೇಲೆ ಭಯವಾಗಿ, ಇಳಿಯೋರಿಗಿರುವ ಬೇರೆ ದಾರಿ ಹಿಡಿದು ಬಂದು ನೋಡಿದರೆ ಯಜಮಾನರೂ ಇಲ್ಲ, ಬ್ಯಾಗೂ ಇಲ್ಲ. ಅಬ್ಬಿಗೆರೆಯನ್ನೇ ಸೇರಿಸಿ ಬೈದುಕೊಂಡೆ. ಬೇರೇನೂ ತೋಚದೆ ನಾನೇ ಮೂರು ಸಲ ತಟ್ಟಿದೆ. ಕೋಟೆಯ ತುದಿಯಲ್ಲಿ ಯಾರೋ ನನ್ನ ಬ್ಯಾಗನ್ನು ಎತ್ತಿ ಆಡಿಸಿದರು.

"ಕೈ ಕೆಂಪಾಗೋ ಹಂಗೆ ತಟ್ಟಿದ್ರೂ ಬರ್ಲಿಲ್ವಲ್ರೀ, ನಾನೇ ಹುಡುಕ್ಕೊಂಡು ಹತ್ಬೇಕಾಯ್ತು," ಅಂತ ಬೈಯುತ್ತಲೇ ಯಜಮಾನರು ಇಳಿದರು.

ಓಡುವ ರೈಲನ್ನು ಹೇಗೋ ಹತ್ತಿದೆವು. ಯಲಹಂಕದವರೆಗೂ ಅವರು ಇಡೀ ಬೋಗಿಗೆ ಅರಮನೆ, ದರ್ಬಾರು, ಮದ್ದಿನ ಮನೆ ಎಲ್ಲ ವರ್ಣಿಸಿದರು. ಎರಡು ಸಲ ಹತ್ತಿದ್ದ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಅದರಲ್ಲಿ ಒಂದನ್ನೂ ನಾನು ನೋಡಿರಲಿಲ್ಲ.